ಬಾಟಲಿ ಮರದ ಗೇಟು

ಕೆಲ್ವಿನ್ ಪ್ರೌಸ್ ನಮ್ಮೂರಿನಲ್ಲಿ ನಿಂತದ್ದು ಗಾಡಿ ಕೆಟ್ಟಿದ್ದರಿಂದ. ಇಲ್ಲದಿದ್ದರೆ ಯರಾಂಬದಲ್ಲಿ ಯಾರೂ ನಿಲ್ಲುವುದಿಲ್ಲ. ಡೀಸೆಲ್ ತುಂಬಿಸಿಕೊಂಡು, ಕ್ಲೆಮ್‌ನ ಪಬ್ಬಿನ ಮುಂದೆ ಒಂದು ಫೋಟೋ ಹೊಡೆದುಕೊಂಡು, ತಮ್ಮ ಶೌಚದ ಡಬ್ಬಿಯನ್ನು ಮನೆಗಾಡಿಗಳು ತಂಗುವ ನನ್ನ ಕ್ಯಾರವಾನ್ ಪಾರ್ಕಿನ ಗುಂಡಿಯಲ್ಲಿ ಬರಿದು ಮಾಡಿ ಹೊರಟುಬಿಡುತ್ತಾರೆ. ಅದಕ್ಕೊಂದು ಥ್ಯಾಂಕ್ಸ್ ಹೇಳುವವರೂ ಕಡಿಮೆ. ನಿವೃತ್ತರಾದ ಮೇಲೆ ಮನೆ ಮಾರಿ, ಗಾಡಿ ಕೊಂಡು, ದೇಶ ಸುತ್ತಲು ಹೊರಡುವ ಗಂಡಹೆಂಡಿರನ್ನು ನನ್ನಷ್ಟು ಹತ್ತಿರದಿಂದ ಕಂಡವರು ಯಾರೂ ಇರಲಾರರು. ದೊಡ್ಡ ಮನೆಯಲ್ಲಿ ಒಬ್ಬರಿಗೊಬ್ಬರು ಸಿಗದ ಹಾಗೆ ಓಡಾಡಿಕೊಂಡು ಹೇಗೋ ಸಂಸಾರ ಮಾಡಿದವರು, ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಒಂದೇ ಮಾರಿನ ಅಳತೆಗೆ ಬಂದಾಗ ಅಸಲು ಮುಖ ತೋರಿಸುತ್ತಾರೆ.

ಪ್ರೌಸ್ ದಂಪತಿಗಳ ಮನೆಗಾಡಿ ಬಂದದ್ದು ಅಕ್ಟೋಬರದಲ್ಲಿ, ನಮ್ಮ ಕಡೆ ಬೇಸಿಗೆಗೆ ಸ್ವಲ್ಪ ಮುಂಚೆ. ಆ ವರ್ಷ ಬಿಸಿಲು ಬೇಗ ಹತ್ತಿಕೊಂಡಿತ್ತು. ಗೇರ್‌ಬಾಕ್ಸು ಕಲ್ಲು ಅಗಿಯುವ ಸದ್ದು ಮಾಡುತ್ತ ಪಾರ್ಕಿನೊಳಗೆ ತೆವಳಿ ಬಂದು ನೀಲಗಿರಿ ಮರದ ಕೆಳಗೆ ನಿಂತೇ ಹೋಯಿತು. ಬೇಕಾದ ಭಾಗ ಕರಾವಳಿಯಿಂದ ಲಾರಿಯಲ್ಲಿ ಬರಬೇಕು. ನಮ್ಮ ಕಡೆ ಲಾರಿ ಬಂದಾಗ ಬಂತು ಅನ್ನಬೇಕು, ಅಷ್ಟೇ.

ಗಾಡಿಯ ಹಿಂಬದಿಗೆ ದಪ್ಪ ಬಿಳಿ ಅಕ್ಷರದಲ್ಲಿ ಬರೆದಿತ್ತು: ‘ಗೇಟು ಕಂಡಂತೆ ಬಿಡಿ.’ ಕೆಲ್ವಿನ್ ತಾನೇ ಕುಂಚ ಹಿಡಿದು ಬರೆದದ್ದಂತೆ. ನಮ್ಮ ಸೀಮೆಯ ಧರ್ಮಶಾಸ್ತ್ರವೆಲ್ಲ ಈ ಮೂರು ಪದದಲ್ಲಿದೆ. ಇಲ್ಲಿ ರಸ್ತೆಗಳು ಜನರ ದನದ ಕಾವಲುಗಳ, ಅಂದರೆ ಬೇಲಿ ಹಾಕಿದ ಹುಲ್ಲುಗಾವಲುಗಳ, ನಡುವೆಯೇ ಹಾಯುತ್ತವೆ. ಮುಚ್ಚಿದ ಗೇಟು ಕಂಡರೆ ತೆರೆದು, ದಾಟಿ, ಮತ್ತೆ ಮುಚ್ಚಬೇಕು. ತೆರೆದದ್ದು ಕಂಡರೆ ತೆರೆದೇ ಇರಲಿ, ಅದು ನಿನ್ನ ತಲೆನೋವಲ್ಲ. ಇನ್ನೊಂದು ನಿಯಮವೂ ಇದೆ, ಅದನ್ನು ಯಾರೂ ಗಾಡಿಯ ಮೇಲೆ ಬರೆಯುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ: ಗೇಟು ತೆಗೆಯಲು ಇಳಿಯುವವರು ಪಕ್ಕದ ಸೀಟಿನವರು.

ಕೆಲ್ವಿನ್ ಮೂವತ್ತು ವರ್ಷ ಬೆಂಡಿಗೋ ಪೇಟೆಯಲ್ಲಿ ಶಾಲೆಯ ಬಸ್ಸು ಓಡಿಸಿದವನು. ಆದರೆ ಅವನ ಬಾಯಲ್ಲಿ ಬಸ್ಸು ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಅವನ ಅಪ್ಪನ ಗೋಧಿ ಹೊಲ, ಕುರಿಗಳು, ಉಣ್ಣೆ ಕತ್ತರಿಸುವ ಕೊಟ್ಟಿಗೆ. ಆ ಹೊಲ ಅಣ್ಣನ ಪಾಲಾಯಿತು, ಇವನಿಗೆ ಬಸ್ಸಿನ ಚಕ್ರ ಸಿಕ್ಕಿತು. ಅಂದಿನಿಂದ ಅಗಲ ಅಂಚಿನ ಟೋಪಿ ಅವನ ತಲೆಯಿಂದ ಇಳಿದದ್ದು ಮಲಗುವಾಗ ಮಾತ್ರ. “ನಾನು ಹೊಲದವನು,” ಎನ್ನುತ್ತಿದ್ದ. ಅವನ ಹೆಂಡತಿ ಗ್ಲೆನಿಸ್ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವಳು, ಪೇಟೆಯಲ್ಲೇ ಹುಟ್ಟಿ ಬೆಳೆದವಳು. “ನಿನ್ನ ಹೊಲ ನಿನ್ನ ಟೋಪಿಯೊಳಗಿದೆ, ಮುದಿ ಗೂಬೆ,” ಎಂದು ಎಲ್ಲರ ಮುಂದೆಯೇ ನಗುತ್ತಿದ್ದಳು. ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮುದಿ ಗೂಬೆ, ಟೀ ಆರಿತು. ಮುದಿ ಗೂಬೆ, ನಿನ್ನ ಕನ್ನಡಕ ನಿನ್ನ ಮೂಗಿನ ಮೇಲೇ ಇದೆ.

ಊರು ಅವರನ್ನು ಬೇಗ ಒಳಗೆ ಬಿಟ್ಟುಕೊಂಡಿತು. ಗ್ಲೆನಿಸ್ ನನ್ನ ಬಟ್ಟೆ ಒಗೆಯುವ ಕೋಣೆಯಲ್ಲಿ ಕುರ್ಚಿ ಹಾಕಿ ಊರ ಹೆಂಗಸರ ಕೂದಲು ಕತ್ತರಿಸಿದಳು. ಎಡಗೈಯ ತೋರುಬೆರಳಿಗೆ ಪಟ್ಟಿ ಸುತ್ತಿದ್ದಳು. ಏನಾಯಿತೆಂದು ಕೇಳಿದರೆ “ತಂತಿ ಗೀರಿತು” ಎಂದಷ್ಟೇ ಹೇಳಿ ಮಾತು ಬದಲಿಸಿದಳು. ಕೆಲ್ವಿನ್ ಸಂಜೆಯಾದರೆ ಕ್ಲೆಮ್‌ನ ಪಬ್ಬಿನಲ್ಲಿ. ಕ್ಲೆಮ್ ಬಿಯರ್ ಸುರಿಯುತ್ತ ಸುರಿಯುತ್ತ ಬೈಯುವ ಮನುಷ್ಯ.

“ಏನಯ್ಯಾ ಮುದುಕಾ, ಇವತ್ತೂ ಉಪನ್ಯಾಸವೋ, ಇಲ್ಲಾ ದುಡ್ಡು ಕೊಟ್ಟು ಕುಡಿಯೋದೂ ಉಂಟೋ?”

“ನಿನ್ನಂಥವನಿಗೆ ಉಪನ್ಯಾಸ ಕೊಡೋಕೆ ನೀನೇ ದುಡ್ಡು ಕೊಡಬೇಕು ಕಣೋ.”

ಹೊರಗಿನವನಿಗೆ ಇದು ಜಗಳವೆನಿಸೀತು. ನಮ್ಮೂರಲ್ಲಿ ಬೈದರೆ ನೀನು ನಮ್ಮವನು ಎಂದರ್ಥ.

ಅವನ ಉಪನ್ಯಾಸ ಯಾವಾಗಲೂ ಪೇಟೆಯವರ ಮೇಲೆ. ಅವರಿಗೆ ದನ ಗೊತ್ತಿಲ್ಲ, ಬೇಲಿ ಗೊತ್ತಿಲ್ಲ, ಗೇಟಿನ ಬೆಲೆ ಗೊತ್ತಿಲ್ಲ. ನಾವೂ ತಲೆದೂಗುತ್ತಿದ್ದೆವು. ಹೇಳೋದು ವೇದ, ಹಾಕೋದು ಗಾಳ ಎನ್ನುವುದು ನಮಗಿನ್ನೂ ತಿಳಿದಿರಲಿಲ್ಲ.

ಹಾಕಿದ ಗಾಳದ ಸಂಗತಿ, ನಮಗೆ ಆಮೇಲೆ ತಿಳಿದದ್ದು, ಇಷ್ಟು. ನಮ್ಮೂರಿಗೆ ಬರುವ ದಿನ ಅವರು ಹೆದ್ದಾರಿ ಬಿಟ್ಟು ಟಿಲ್ಗಾ ಕಾವಲಿನ ಮಣ್ಣುರಸ್ತೆ ಹಿಡಿದಿದ್ದರು. ಟಿಲ್ಗಾ ಮೋಯ್ರಾ ಡಂಕ್ಲಿಯದು. ಗಂಡ ಹೋದ ಮೇಲೆ ಒಬ್ಬಳೇ ನಡೆಸುತ್ತಾಳೆ, ಇದ್ದ ಒಬ್ಬ ಆಳೂ ಚಳಿಗಾಲದಲ್ಲಿ ಬಿಟ್ಟು ಹೋಗಿದ್ದ. ಆ ರಸ್ತೆಯಲ್ಲಿ ಒಂದು ಬಾಟಲಿ ಮರವಿದೆ, ಹೊಟ್ಟೆ ಉಬ್ಬಿದ ಹಳೇ ಮರ. ಅದರ ಪಕ್ಕದ ಬೇಲಿಯ ಈಚೆಗೆ ಹುಲ್ಲು, ಆಚೆಗೆ ಗಾಳಿಯಂತ್ರದಿಂದ ನೀರು ಬೀಳುವ ತೊಟ್ಟಿ. ಮೋಯ್ರಾ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರಾವಳಿಗೆ ಹೋಗುವ ಮುನ್ನ ಆ ಗೇಟನ್ನು ಪೂರಾ ತೆರೆದು, ಕಂಬಕ್ಕೆ ತಂತಿ ಸುತ್ತಿ ಕಟ್ಟಿ ಹೋಗಿದ್ದಳು. ಕರು ಹಾಕಿದ ಹಸುಗಳು ಮೇಯುವುದು ಈಚೆ, ಕುಡಿಯುವುದು ಆಚೆ. ತಾನಿಲ್ಲದಿದ್ದರೂ ಅವು ಬದುಕಿಕೊಳ್ಳುತ್ತವೆ ಎಂಬ ಧೈರ್ಯ.

ಕೆಲ್ವಿನ್ ಆ ಗೇಟಿನ ಮುಂದೆ ಗಾಡಿ ನಿಲ್ಲಿಸಿದ. ಹಸುಗಳು ದೂರದ ಹುಲ್ಲಿನಲ್ಲಿ ಮೇಯುತ್ತಿದ್ದವು.

“ನೋಡು, ಯಾವನೋ ಸೋಂಬೇರಿ ಬಿಟ್ಟು ಹೋಗಿದ್ದಾನೆ. ದಾಟಿದ ಮೇಲೆ ಮುಚ್ಚಿ ಬಾ.”

“ಕಂಡಂತೆ ಬಿಡಬೇಕಲ್ವಾ? ನೀನೇ ಬರೆದಿದ್ದೀಯ.”

“ಇದು ಬಿಟ್ಟ ಗೇಟಲ್ಲ ಕಣೇ, ಮರೆತ ಗೇಟು. ದನ ಎಲ್ಲಾ ಬೆರೆತುಹೋಗುತ್ತೆ.”

ಗ್ಲೆನಿಸ್ ಇಳಿದು ನೋಡಿ ಕೂಗಿದಳು: “ತಂತಿ ಸುತ್ತಿ ಕಟ್ಟಿದ್ದಾರೆ ಕಣೋ! ಮರೆತವರು ಕಟ್ಟಿ ಮರೀತಾರಾ?”

ಕೆಲ್ವಿನ್ ಕಿಟಕಿಯಿಂದ ಇಕ್ಕಳ ಚಾಚಿದ. “ನಿನಗೆ ಕೂದಲು ಗೊತ್ತು, ನನಗೆ ಗೇಟು ಗೊತ್ತು. ಬಿಚ್ಚು.”

ಅವಳು ಬಿಚ್ಚಿದಳು. ತಂತಿ ಬೆರಳು ಗೀರಿತು. ಗೇಟು ಮುಚ್ಚಿತು. ಅವನಿಗೆ ಒಳ್ಳೆಯದು ಮಾಡಿದ ಸಮಾಧಾನ. ಯಾರದೋ ಜಮೀನಿನಲ್ಲಿ ಕ್ಷಣಕಾಲ ತಾನೇ ಯಜಮಾನನಾದ ಸುಖವೂ ಇತ್ತೇನೋ. ಅಪ್ಪನ ಹೊಲ ಕೈತಪ್ಪಿದವನಿಗೆ ಅಂಥ ಸುಖದ ಹಸಿವು ಇರುತ್ತದೆ. ಇದು ನನ್ನ ಲೆಕ್ಕ, ಅವನು ಹೇಳಿದ್ದಲ್ಲ.

ವಾರ ಕಳೆದ ಮೇಲೆ ಒಂದು ಶುಕ್ರವಾರ ಸಂಜೆ ಮೋಯ್ರಾ ಪಬ್ಬಿಗೆ ಬಂದಳು. ಒಂದು ಕಣ್ಣಿಗೆ ಪಟ್ಟಿ, ಮೊಣಕಾಲ ತನಕ ಧೂಳು. ಶುಕ್ರವಾರವೆಂದರೆ ಊರೆಲ್ಲ ಅಲ್ಲೇ. ಕೆಲ್ವಿನ್ ಗೋಡೆ ಪಕ್ಕ ನಿಂತು ಮಾತಾಡುತ್ತಿದ್ದ, ಗ್ಲೆನಿಸ್ ಮತ್ತು ನಾನು ಒಂದು ತಟ್ಟೆ ಚಿಪ್ಸ್ ಹಂಚಿಕೊಂಡು ಕೂತಿದ್ದೆವು. ಮೋಯ್ರಾ ಏನನ್ನೂ ಕೇಳಿಸಿಕೊಳ್ಳಲಿಲ್ಲ, ಕುಡಿಯಲೂ ಕೇಳಲಿಲ್ಲ.

“ನನ್ನ ಹಸು ಸತ್ತಿವೆ,” ಎಂದಳು. “ಕರು ಹಾಕಿದ್ದ ಮಂದೆ ಪೂರ್ತಿ. ನೀರಿಲ್ಲದೆ. ತೊಟ್ಟಿ ತುಂಬಾ ನೀರಿದೆ, ಗೇಟು ಯಾರೋ ಮುಚ್ಚಿದ್ದಾರೆ. ತಂತಿ ಕಟ್ಟಿ ಹೋಗಿದ್ದೆ ಕಣಯ್ಯ ಕ್ಲೆಮ್. ಬಿಚ್ಚಿ ಮುಚ್ಚಿದ್ದಾರೆ.”

ಮೊದಲು ಬಾಯಿ ಬಿಟ್ಟವನು ಕೆಲ್ವಿನ್. ಗಟ್ಟಿಯಾಗಿ, ನಿಜವಾದ ಸಿಟ್ಟಿನಿಂದ.

“ಪೇಟೆಯ ಬೇವಾರ್ಸಿಗಳು! ಅಂಥವರನ್ನ ಅದೇ ಬೇಲಿಗೆ ಕಟ್ಟಿ ಬಿಸಿಲಲ್ಲಿ ಒಣಗಿಸಬೇಕು. ಯಾವ ಗೇಟಮ್ಮ?”

“ಬಾಟಲಿ ಮರದ ಹತ್ತಿರದ್ದು.”

ನಾನು ಅವನ ಮುಖ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೆಲ್ವಿನ್ ಹೆಗಲು ಮುಟ್ಟಲಿಲ್ಲ, ಟೋಪಿ ತೆಗೆದ. ಅಷ್ಟು ದಿನದಲ್ಲಿ ಅವನ ಬೋಳುತಲೆ ನಾನು ಕಂಡದ್ದು ಅದೇ ಮೊದಲು. ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ನಿಂತುಬಿಟ್ಟ.

“ಆ ಜರ್ಮನ್ ಹುಡುಗರೇ,” ಎಂದ ಕ್ಲೆಮ್. “ಹಳದಿ ವ್ಯಾನಿನವರು. ಹೋದ ವಾರ ಆ ಕಡೆಯಿಂದ್ಲೇ ಬಂದ್ರು. ಮುಂದಿನ ಊರಿನ ಪೊಲೀಸಿಗೆ ಫೋನು ಮಾಡ್ತೀನಿ, ಇನ್ನೂ ದೂರ ಹೋಗಿರಲ್ಲ.” ಫೋನಿಗೆ ಕೈ ಹಾಕಿಯೇಬಿಟ್ಟ.

ಗ್ಲೆನಿಸ್ ಗಂಡನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಬೈಗುಳವಿರಲಿಲ್ಲ, ‘ಹೇಳು, ನಾನು ಪಕ್ಕದಲ್ಲೇ ಇದ್ದೇನೆ’ ಎಂಬಂತಿತ್ತು. ಅವನು ಟೋಪಿಯನ್ನೇ ನೋಡುತ್ತಿದ್ದ. ಕ್ಲೆಮ್ ನಂಬರು ಒತ್ತತೊಡಗಿದ. ಅವಳು ಎದ್ದು ನಿಂತಳು.

“ಆ ಮಕ್ಕಳಲ್ಲ. ಮುಚ್ಚಿದ್ದು ನಾನು.” ಪಟ್ಟಿ ಸುತ್ತಿದ ಬೆರಳು ಎತ್ತಿ ತೋರಿಸಿದಳು. “ಈ ಕೈಯಿಂದ್ಲೇ. ನನ್ನನ್ನ ಏನು ಬೇಕಾದ್ರೂ ಅನ್ನಿ.”

ಮೋಯ್ರಾ ಪಟ್ಟಿಯಿಲ್ಲದ ಕಣ್ಣಿನಲ್ಲಿ ಅವಳನ್ನು ನೋಡಿದಳು, ಆಮೇಲೆ ನಿಧಾನವಾಗಿ ಕೆಲ್ವಿನ್ ಕಡೆ ತಿರುಗಿದಳು. ಈ ಗಂಡಹೆಂಡಿರ ಸುದ್ದಿ ಊರಿಗೆ ಮರಳಿದೊಡನೆ ಅವಳ ಕಿವಿಗೂ ಬಿದ್ದಿತ್ತು.

“ಅವಳು ಪೇಟೆಯವಳು, ಪಾಪ. ನೀನು ಹೊಲದವನಂತೆ. ನಿನ್ನ ಹೆಂಡ್ತಿಗೆ ಹೇಳಿಕೊಡಬಾರದಾಗಿತ್ತೇನಯ್ಯಾ?”

ಒಂದು ಮಾತು ಸಾಕಾಗಿತ್ತು. ಬಾಯಿ ತೆರೆದರೆ ಆಗಿಹೋಗುತ್ತಿತ್ತು. ಕೆಲ್ವಿನ್ ಹೌದೆಂದು ತಲೆಯಾಡಿಸಿದ.

“ಹೇಳಿಕೊಡಬೇಕಿತ್ತು,” ಎಂದ.

ನನಗೆ ಮೈ ಉರಿದುಹೋಯಿತು. ಎದುರಿನ ತಟ್ಟೆಯನ್ನೆತ್ತಿ ಅವನ ಬೋಳುತಲೆಗೆ ಎಸೆಯಬೇಕೆನಿಸಿತು. ಗ್ಲೆನಿಸ್ ಕೂತಳು, ಒಂದು ಚಿಪ್ಸು ತೆಗೆದುಕೊಂಡಳು, ತಿನ್ನದೆ ಮತ್ತೆ ತಟ್ಟೆಯಲ್ಲೇ ಇಟ್ಟಳು.

ಮಾರನೆಯ ಬೆಳಿಗ್ಗೆ ಊರಿನ ಗಂಡಸರೆಲ್ಲ ಟಿಲ್ಗಾಕ್ಕೆ ಹೊರಟರು, ಸತ್ತ ದನ ಎಳೆದು ಸುಡುವ ಕೆಲಸಕ್ಕೆ. ನಾನು ಎಲ್ಲರಿಗೂ ಮಾಂಸದ ಪೈ, ಟೀ ಫ್ಲಾಸ್ಕು ಕಟ್ಟಿಕೊಂಡು ಹೋದೆ. ಕೆಲ್ವಿನ್ ಬರುವುದಿಲ್ಲವೆಂದುಕೊಂಡಿದ್ದೆ. ಬಂದಿದ್ದ, ಕ್ಲೆಮ್‌ನ ಪಿಕಪ್ಪಿನ ಹಿಂಭಾಗದಲ್ಲಿ, ಸರಪಳಿಗಳ ನಡುವೆ ಕೂತು.

ಅಲ್ಲಿ ಕಂಡದ್ದನ್ನು ಹೆಚ್ಚು ಹೇಳಲಾರೆ. ಹಸುಗಳು ಕಾವಲಿನಲ್ಲಿ ಚದುರಿ ಸತ್ತಿರಲಿಲ್ಲ. ಎಲ್ಲವೂ ಗೇಟಿಗೆ ಒತ್ತಿಕೊಂಡು ಬಿದ್ದಿದ್ದವು, ಒಂದರ ಮೇಲೊಂದು, ಮೂತಿ ನೀರಿನ ಕಡೆಗೆ. ಗಾಳಿಯಂತ್ರ ತಿರುಗುತ್ತಲೇ ಇತ್ತು, ತೊಟ್ಟಿಗೆ ನೀರು ಬೀಳುವ ಸದ್ದು ನಾವು ನಿಂತಲ್ಲಿಗೇ ಕೇಳುತ್ತಿತ್ತು. ಅವುಗಳಿಗೂ ಕೇಳಿಸಿರುತ್ತದೆ. ಕೆಲವು ಕರುಗಳು ಬೇಲಿಯ ಕೆಳತಂತಿಯಡಿ ನುಸುಳಿ ಬದುಕಿಕೊಂಡಿದ್ದವು. ತೊಟ್ಟಿಯ ಪಕ್ಕ ನಿಂತು ತಾಯಂದಿರ ಕಡೆ ನೋಡುತ್ತ ಕೂಗುತ್ತಿದ್ದವು.

ಕೆಲ್ವಿನ್ ಸರಪಳಿ ಹಿಡಿದ. ಆಗ ಕ್ಲೆಮ್ ಹೇಳಿದ ಮಾತು ಇದು:

“ನೀವು ನೆರಳಲ್ಲಿ ಕೂತ್ಕೊಳ್ಳಿ ಪ್ರೌಸ್ ಅವರೇ. ನಿಮಗ್ಯಾಕೆ ತೊಂದರೆ.”

ಬಹುವಚನ. ನಮ್ಮ ಕ್ಲೆಮ್ ಪಾದ್ರಿಗೂ ಬಹುವಚನ ಕೊಟ್ಟವನಲ್ಲ. ಇನ್ನೊಬ್ಬ ಅವನ ಕೈಯಿಂದ ಸರಪಳಿಯನ್ನು ಮೆಲ್ಲಗೆ ತೆಗೆದುಕೊಂಡ. “ನಾವು ನೋಡ್ಕೋತೀವಿ ಸರ್.” ಟೀ ಹೊತ್ತಿಗೆ ಎಲ್ಲರಿಗಿಂತ ಮೊದಲು ಅವನಿಗೇ ಲೋಟ ಕೊಟ್ಟರು. ಯಾರೂ ಬೈಯಲಿಲ್ಲ, ಯಾರೂ ಹಂಗಿಸಲಿಲ್ಲ. ಬೆಂಡಿಗೋದ ಬಸ್ ಡ್ರೈವರನಿಗೆ ಇದು ಅರ್ಥವಾಗದೆ ಹೋಗಬಹುದಿತ್ತು. ಆದರೆ ಅವನು ಎಷ್ಟಾದರೂ ಹೊಲದಲ್ಲಿ ಹುಟ್ಟಿದವನೇ, ಅರ್ಥವಾಯಿತು. ಅಷ್ಟು ಮರ್ಯಾದೆಯಲ್ಲಿ ಮುಳುಗಿಸಿದ ಮೇಲೆ ಮನುಷ್ಯನಿಗೆ ಉಸಿರಾಡಲು ಜಾಗವೆಲ್ಲಿದೆ?

ಅವನು ಲೋಟ ನೆಲಕ್ಕಿಟ್ಟು ಮೋಯ್ರಾ ನಿಂತಿದ್ದಲ್ಲಿಗೆ ನಡೆದ. ಸೊಂಟ ನೋವಿನ ಮನುಷ್ಯ, ಕಾಲು ಎಳೆಯುತ್ತಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದ.

“ಮುಚ್ಚಿಸಿದ್ದು ನಾನು. ಅವಳು ಬೇಡ ಅಂದ್ಲು. ತಂತಿ ಕಟ್ಟಿದ್ದಾರೆ, ಮರೆತದ್ದಲ್ಲ ಅಂದ್ಲು. ಇಕ್ಕಳ ಕೊಟ್ಟವನು ನಾನು. ನಿನ್ನೆ ಬಾಯಿ ಬರಲಿಲ್ಲ ನಂಗೆ. ನಾಚಿಕೆ ಆಗ್ತಿದೆ ಮೋಯ್ರಾ. ನಿನ್ನ ಮುಖ ನೋಡೋಕೂ ನಾಚಿಕೆ ಆಗ್ತಿದೆ.”

“ಗೊತ್ತು,” ಎಂದಳು ಮೋಯ್ರಾ.

“ಗೊತ್ತಾ? ಯಾವಾಗಿಂದ?”

“ನಿನ್ನ ಹೆಂಡ್ತಿ ಎದ್ದು ನಿಂತಾಗಿಂದ. ಗೇಟಿಗೆ ಇಳಿಯೋರು ಪಕ್ಕದ ಸೀಟಿನವರು. ಮುಚ್ಚು, ಬಿಡು ಅಂತ ಹೇಳೋನು ಸ್ಟೇರಿಂಗ್ ಹಿಡಿದೋನು. ಗಾಡೀಲಿ ಕೂತ ಯಾವ ಮಗೂನ ಕೇಳಿದ್ರೂ ಹೇಳುತ್ತೆ. ಪಬ್ಬಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು ಕಣಯ್ಯಾ.”

ಅವನು ಸುತ್ತ ನಿಂತವರನ್ನು ನೋಡಿದ. ಎಲ್ಲರೂ ನೆಲ ನೋಡುತ್ತಿದ್ದರು. ನಾನೂ ಪೈಗಳ ಬಟ್ಟೆ ಸರಿಮಾಡಿದೆ.

“ಹಾಗಾದ್ರೆ ನಿನ್ನೆ ಯಾಕೆ ಹಾಗೆ ಕೇಳಿದೆ, ಹೇಳಿಕೊಡಬಾರದಾಗಿತ್ತಾ ಅಂತ?”

“ನಿನಗೆ ದಾರಿ ಮಾಡಿಕೊಟ್ಟೆ. ಗೇಟು ತೆಗೆದು ಹಿಡಿದು ನಿಂತೆ, ದಾಟಿ ಬಾ ಅಂತ. ನೀನು ತಲೆಯಾಡಿಸಿದೆ.” ಮೋಯ್ರಾ ಕಣ್ಣಿನ ಪಟ್ಟಿಯ ಕೆಳಗೆ ಒರೆಸಿಕೊಂಡಳು. ಕಣ್ಣೀರೋ ಔಷಧಿಯೋ, ಯಾರು ಕೇಳುತ್ತಾರೆ. “ಹಸು ಸತ್ತದ್ದು ತಪ್ಪು ಲೆಕ್ಕದಿಂದ. ತಪ್ಪು ಯಾರಿಗಾದ್ರೂ ಆಗುತ್ತೆ, ನನಗೂ ಆಗಿದೆ. ಅದನ್ನ ನಾನು ಇವತ್ತಲ್ಲ ನಾಳೆ ಕ್ಷಮಿಸ್ತೀನಿ. ತಲೆಯಾಡಿಸಿದ್ದನ್ನ ಕ್ಷಮಿಸಬೇಕಾದೋಳು ನಾನಲ್ಲ.”

ಅಷ್ಟು ಹೇಳಿ ಅವಳು ಸರಪಳಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಸಂಜೆಯ ತನಕ ದುಡಿದ. ನೆರಳಿಗೆ ಹೋಗೆಂದು ಆಮೇಲೆ ಯಾರೂ ಹೇಳಲಿಲ್ಲ.

ಅವನು ಪಾರ್ಕಿಗೆ ಮರಳಿದಾಗ ಗ್ಲೆನಿಸ್ ನನ್ನ ಕೂದಲು ಕತ್ತರಿಸುತ್ತಿದ್ದಳು. ಮೈಯೆಲ್ಲ ಹೊಗೆ ನಾತ ಹೊತ್ತು ಬಾಗಿಲಲ್ಲಿ ನಿಂತ. ನಾನು ಏಳಹೋದರೆ ಅವಳು ಭುಜ ಒತ್ತಿ ಕೂರಿಸಿದಳು.

“ಹೇಳಿ ಬಂದೆ,” ಎಂದ.

“ಯಾರಿಗೆ?”

“ಮೋಯ್ರಾಗೆ. ಎಲ್ಲರಿಗೂ.”

“ಒಳ್ಳೇದಾಯ್ತು.” ಕತ್ತರಿ ನಿಲ್ಲಲಿಲ್ಲ.

“ಗ್ಲೆನ್, ನಾನು...”

“ಗೇಟಿನ ಹತ್ತಿರ ನನ್ನ ಮಾತು ನೀನು ಕೇಳಲಿಲ್ಲ. ಅದು ನಂಗೆ ಅಭ್ಯಾಸ. ನಲವತ್ತು ವರ್ಷ ಆಯ್ತು, ಬಿಡು.” ಅವಳು ಬಾಚಣಿಗೆಯಿಂದ ನನ್ನ ಕಿವಿಯ ಹತ್ತಿರದ ಕೂದಲು ಎತ್ತಿ ಹಿಡಿದಳು. “ಆದ್ರೆ ನಿನ್ನೆ ನಾನು ಎದ್ದು ನಿಂತಾಗ, ಈಗ ನೀನೂ ಏಳ್ತೀಯ ಅಂದ್ಕೊಂಡಿದ್ದೆ. ನಾನು ಎದ್ದಿದ್ದೇ ಅದಕ್ಕೆ. ನಿನ್ನ ಉಳಿಸೋಕೆ ಅಲ್ಲ, ನಿನ್ನ ಎಬ್ಬಿಸೋಕೆ. ನೀನು ಎಲ್ಲಾ ನನ್ನ ಮೇಲೆ ಹಾಕಿ ತಲೆಯಾಡಿಸ್ದೆ. ಹೋಗು, ಸ್ನಾನ ಮಾಡ್ಕೋ ಕೆಲ್ವಿನ್.”

ಕೆಲ್ವಿನ್. ಆ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನೂ ಕೇಳಿಸಿಕೊಂಡ. ಹೊಡೆದರೂ ಹಾಗೆ ಕುಗ್ಗುತ್ತಿರಲಿಲ್ಲ.

ಲಾರಿ ಬಂತು, ಗೇರ್‌ಬಾಕ್ಸು ಸರಿಹೋಯಿತು. ಅಷ್ಟು ದಿನವೂ ಗ್ಲೆನಿಸ್ ಟಿಲ್ಗಾಕ್ಕೆ ಹೋಗಿ ತಾಯಿ ಸತ್ತ ಕರುಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬರುತ್ತಿದ್ದಳು. ಅವನು ಕಂಬ ನೆಟ್ಟ, ಮುರಿದ ಬೇಲಿ ಬಿಗಿದ. ಹೊರಡುವ ಹಿಂದಿನ ದಿನ ಅವನು ಒಂದು ಚಾಕು ಹಿಡಿದು ಗಾಡಿಯ ಹಿಂದಿನ ಅಕ್ಷರ ಕೆರೆಯಲು ನಿಂತದ್ದು ಕಂಡೆ. ಗ್ಲೆನಿಸ್ ಕಿಟಕಿಯಿಂದ ನೋಡಿದಳು.

“ಇರಲಿ ಬಿಡು,” ಎಂದಳು. “ಬರೆದದ್ದು ಸರಿಯಾಗೇ ಇದೆ.”

ಅವನು ಚಾಕು ಮಡಚಿ ಜೇಬಿಗಿಟ್ಟ.

ಹೊರಡುವಾಗ ಬೀಗದಕೈ ಅವಳ ಕೈಯಲ್ಲಿತ್ತು. ಅವಳಿಗೆ ಅಷ್ಟು ದೊಡ್ಡ ಗಾಡಿ ಓಡಿಸಲು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಬಾರದೆ ಏನು, ಯಾರೂ ಕೇಳಿರಲಿಲ್ಲ ಅಷ್ಟೇ. ಕೆಲ್ವಿನ್ ಆಚೆ ಬದಿಯಿಂದ ಸುತ್ತಿ ಬಂದು ಪಕ್ಕದ ಸೀಟಿಗೆ ಹತ್ತಿದ. ಊರ ಅಂಚಿಗೇ, ನನ್ನ ಪಾರ್ಕಿನ ಪಕ್ಕದಲ್ಲೇ, ಗೋಮಾಳದ ಗೇಟಿದೆ. ಅದು ಆ ದಿನ ಮುಚ್ಚಿತ್ತು. ಅವನು ಸೊಂಟ ಹಿಡಿದು ಇಳಿದು, ತೆರೆದು, ಗಾಡಿ ದಾಟುವ ತನಕ ಗೇಟು ಹಿಡಿದು ನಿಂತ. ಮತ್ತೆ ಮುಚ್ಚಿದ. ಕೊಂಡಿ ಬಿದ್ದಿದೆಯೇ ಎಂದು ಅಲುಗಾಡಿಸಿ ನೋಡಿದ, ಎರಡು ಹೆಜ್ಜೆ ನಡೆದು ಮತ್ತೆ ಹಿಂದಿರುಗಿ ನೋಡಿದ.

ಪಬ್ಬಿನ ಬಾಗಿಲಿಂದ ಕ್ಲೆಮ್ ಗಂಟಲು ಹರಿದುಕೊಂಡ: “ಹತ್ತೋ ಮುದುಕಾ! ಆ ಗೇಟನ್ನೇನು ಮದುವೆ ಆಗ್ತೀಯಾ?”

ಕೆಲ್ವಿನ್ ಅಲ್ಲೇ ನಿಂತುಬಿಟ್ಟ. ಆಮೇಲೆ ಟೋಪಿ ಎತ್ತಿ ಬೀಸಿದ. ಊರು ಅವನನ್ನು ಮತ್ತೆ ಬೈದಿತ್ತು. ಮುಖದಲ್ಲಿ ನಗುವೋ ಅಳುವೋ ಏನೋ ಒಂದು ಬಂದು, ಕಾಲೆಳೆಯುತ್ತ ಹೋಗಿ ಗಾಡಿ ಹತ್ತಿದ. ಅವಳು ಇಂಜಿನು ಆರಿಸದೆ ಕಾಯುತ್ತಿದ್ದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಕಿಟಕಿ ತೆರೆದಿತ್ತು, ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

“ಥ್ಯಾಂಕ್ಯೂ ಕೆಲ್ವಿನ್,” ಎಂದಳು, ಬಹಳ ಮರ್ಯಾದೆಯಿಂದ.

ಅವನು ಬಾಗಿಲು ಎಳೆದುಕೊಂಡ, ಗಾಡಿ ಹೊರಟಿತು.